ಇಳಿಯುವುದು ತಂಪಲ್ಲಿ, ಏರುವುದು ಬಿಸಿಲಲ್ಲಿ: ಕುಂಚಾವರಂ ಕಾಡಿಗೆ ಬೇಸಿಗೆಯಲ್ಲಿ ಗುಂಪಾಗಿ ಹೋಗುವವರಿಗೆ

ಮಲೆನಾಡಿನ ಬೆಟ್ಟಕ್ಕೂ ನಮ್ಮ ಕಡೆಯ ಬೆಟ್ಟಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಅಲ್ಲಿ ಬೆಳಿಗ್ಗೆ ಮೈಯಲ್ಲಿ ಕಸುವು ಇರುವಾಗ ಏರುತ್ತೀರಿ, ದಣಿದ ಮೇಲೆ ಇಳಿಯುತ್ತೀರಿ. ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಾಡಿನಲ್ಲಿ ಇದು ಉಲ್ಟಾ. ಇಲ್ಲಿ ಬೆಟ್ಟದ ತಲೆ ಸಪಾಟು. ರಸ್ತೆ, ತಾಂಡಾ, ಹೊಲ ಎಲ್ಲ ಮೇಲೆಯೇ ಇವೆ. ಹಳ್ಳದ ನೀರು ಆ ಸಪಾಟಿನ ಅಂಚಿಗೆ ಬಂದು ಕೊಳ್ಳಕ್ಕೆ ಬೀಳುತ್ತದೆ. ಎತ್ತಿಪೋತ ಜಲಪಾತ ನೋಡಬೇಕು ಅಂದರೆ ಮೊದಲು ಇಳಿಯಬೇಕು. ಇಳಿಯುವಾಗ ಬೆಳಗಿನ ತಂಪು, ಹೊಸ ಹುರುಪು. ವಾಪಸ್ ಏರುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತದೆ, ಕಾಲು ಸೋತಿರುತ್ತವೆ, ಬಾಟಲಿ ಖಾಲಿ ಆಗಿರುತ್ತದೆ.

ಮೊದಲ ಸಲ ನಮ್ಮನ್ನು ಕರೆದುಕೊಂಡು ಹೋದ ತಾಂಡಾದ ಹಿರಿಯರೊಬ್ಬರು ಕೊಳ್ಳದ ಅಂಚಿನಲ್ಲಿ ನಿಂತು ಹೇಳಿದ್ದರು: "ಇಳಿಲಾಕ ಕಾಲು ಇದ್ರ ಸಾಕ್ರಿ ಸರ್. ಏರ್ಲಾಕ ನೀರು ಬೇಕ್ರಿ." ಅವತ್ತು ನಾವು ಅದನ್ನು ಅಷ್ಟು ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಏನಾಯಿತು ಅನ್ನುವುದನ್ನು ಮುಂದೆ ಹೇಳುತ್ತೇನೆ. ಈ ಲೇಖನದಲ್ಲಿ ಬರುವ ಎಲ್ಲ ಸಲಹೆಗಳೂ ಆ ಒಂದು ಮಾತಿನಿಂದಲೇ ಹುಟ್ಟಿದವು. ವಾಪಸ್ ಏರುವುದನ್ನು ಮೊದಲು ಲೆಕ್ಕ ಹಾಕಿ, ಆಮೇಲೆ ಇಳಿಯುವುದನ್ನು.

ಯಾವಾಗ ಹೋಗಬೇಕು

ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ನೀರು ಧುಮುಕುವುದಿಲ್ಲ. ನಮ್ಮ ಹಳ್ಳಗಳು ಮಳೆಯ ಹಳ್ಳಗಳು. ಜುಲೈಯಿಂದ ಸೆಪ್ಟೆಂಬರ್‌ವರೆಗೆ ತುಂಬಿ ಹರಿದು, ದೀಪಾವಳಿ ದಾಟಿದ ಮೇಲೆ ಸಣ್ಣಗಾಗುತ್ತಾ ಹೋಗುತ್ತವೆ. ಬೇಸಿಗೆಯಲ್ಲಿ ಉಳಿಯುವುದು ಬಂಡೆ, ಬಂಡೆಯ ಬುಡದಲ್ಲಿ ಹಸಿರು ಬಣ್ಣದ ಮಡು, ಗೋಡೆಯಲ್ಲಿ ಅಲ್ಲಲ್ಲಿ ಜಿನುಗುವ ತೇವ. ನೊರೆನೊರೆಯಾಗಿ ಬೀಳುವ ನೀರಿನ ಫೋಟೊ ನೋಡಿ ಹೊರಡುವವರು ಮಳೆಗಾಲದಲ್ಲೇ ಬರಲಿ.

ಹಾಗಾದರೆ ಬೇಸಿಗೆಯಲ್ಲಿ ಯಾಕೆ ಹೋಗಬೇಕು? ನನಗಂತೂ ಒಣಗಿದ ಜಲಪಾತ ನೋಡುವುದು ತುಂಬಾ ಇಷ್ಟ. ಮಳೆಗಾಲದಲ್ಲಿ ನೀರಿನ ಹಿಂದೆ ಅಡಗಿದ್ದ ಬಂಡೆ ಪೂರ್ತಿ ಕಾಣುತ್ತದೆ. ಮೇಲೆ ಕೆಂಪು ಜಂಬಿಟ್ಟಿಗೆ, ಕೆಳಗೆ ಕರಿಕಲ್ಲಿನ ಪದರ, ಎಷ್ಟೋ ಕಾಲದಿಂದ ನೀರು ಬಿದ್ದು ಬಿದ್ದು ಕೊರೆದ ದುಂಡನೆಯ ಗುಂಡಿಗಳು. ಮಾರ್ಚ್‌ನಲ್ಲಿ ಎಲೆ ಇಲ್ಲದ ಮುತ್ತುಗದ ಮರ ತುಂಬಾ ಕೆಂಡದಂಥ ಹೂವು. ಏಪ್ರಿಲ್ ಕಡೆಗೆ ಕಕ್ಕೆಯ ಹಳದಿ ಗೊಂಚಲು. ಜೊತೆಗೆ ಮಕ್ಕಳಿಗೆ ರಜೆ, ನೌಕರಿ ಮಾಡುವವರು ಒಟ್ಟಿಗೆ ಸೇರಲು ಸಿಗುವ ಸಮಯವೂ ಇದೇ.

ನನ್ನ ಸಲಹೆ ಇಷ್ಟು. ಮಾರ್ಚ್ ಮೂರನೇ ವಾರದೊಳಗೆ ಹೋಗಿ ಬನ್ನಿ. ಇಲ್ಲವೇ ಮಿರಗ (ಮೃಗಶಿರಾ ಮಳೆ) ಕೂಡಿ ಎರಡು ಒಳ್ಳೆಯ ಮಳೆ ಆದ ಮೇಲೆ, ಜೂನ್ ಮಧ್ಯದ ನಂತರ ಹೋಗಿ. ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ ಕಲಬುರಗಿಯಲ್ಲಿ 42–43 ಡಿಗ್ರಿ ಮುಟ್ಟುವುದು ಹೊಸದಲ್ಲ. ಆ ದಿನಗಳಲ್ಲೇ ಹೋಗಬೇಕಾಗಿ ಬಂದರೆ ಕೆಳಗೆ ಹೇಳಿದ್ದರಲ್ಲಿ ಒಂದನ್ನೂ ಬಿಡಬೇಡಿ. ಹವಾಮಾನ ಇಲಾಖೆ ಬಿಸಿಗಾಳಿ ಎಚ್ಚರಿಕೆ ಕೊಟ್ಟ ದಿನ ಹೊರಡಲೇಬೇಡಿ.

ಅನುಮತಿ ಮೊದಲು

ಈ ಕಾಡು ಚಿಂಚೋಳಿ ವನ್ಯಜೀವಿ ಧಾಮಕ್ಕೆ ಸೇರಿದೆ. 2011ರಲ್ಲಿ ಘೋಷಣೆ ಆದ ಧಾಮ ಇದು, ಸುಮಾರು 135 ಚದರ ಕಿ.ಮೀ. ವಿಸ್ತಾರ. ತೋಳ, ಕತ್ತೆಕಿರುಬ, ಕೃಷ್ಣಮೃಗ ಇರುವ ಬಯಲುಸೀಮೆಯ ಕಾಡು. ವನ್ಯಜೀವಿ ಧಾಮದೊಳಗೆ ಅನುಮತಿ ಇಲ್ಲದೆ ಹೋಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಹಾಗಾಗಿ ಕನಿಷ್ಠ ಎರಡು ವಾರ ಮೊದಲೇ ಚಿಂಚೋಳಿಯ ವಲಯ ಅರಣ್ಯ ಕಚೇರಿಗೆ ಹೋಗಿ, ಅರ್ಜಿ ಕೊಡಿ. ಎಷ್ಟು ಜನ, ಯಾವ ದಿನ, ಯಾವ ಗಾಡಿ, ಎಷ್ಟು ಹೊತ್ತಿಗೆ ವಾಪಸ್, ಎಲ್ಲ ಬರೆಯಿರಿ.

ಅಲ್ಲಿ ಎರಡು ಪ್ರಶ್ನೆ ಕೇಳಲೇಬೇಕು. ಈಗ ಯಾವ ದಾರಿಗೆ ಬಿಡುತ್ತೀರಿ? ಕಾಡಿಗೆ ಬೆಂಕಿ ಬಿದ್ದಿದೆಯಾ? ಬೇಸಿಗೆಯಲ್ಲಿ ಒಣಹುಲ್ಲು, ಒಣ ತೇಗದೆಲೆ ರಾಶಿ ಬಿದ್ದಿರುತ್ತದೆ. ಒಂದು ಬೀಡಿ ತುಂಡು ಸಾಕು. ಬೆಂಕಿಯ ಭಯ ಇರುವಾಗ ಅನುಮತಿ ಕೊಡದೇ ಇರಬಹುದು. ಕೊಡಲಿಲ್ಲ ಅಂದರೆ ವಾದ ಮಾಡದೆ ತಿಂಗಳು ಮುಂದಕ್ಕೆ ಹಾಕಿ.

ದಾರಿ ತೋರಿಸಲು ಸ್ಥಳೀಯರೊಬ್ಬರನ್ನು ಕರೆದುಕೊಳ್ಳಿ. ಸುತ್ತಲಿನ ತಾಂಡಾಗಳಲ್ಲಿ ದನ ಮೇಯಿಸುತ್ತಾ ಆ ಕೊಳ್ಳದಲ್ಲೇ ಬೆಳೆದವರು ಸಿಗುತ್ತಾರೆ. ಯಾರು ಒಳ್ಳೆಯವರು ಅನ್ನುವುದನ್ನು ಅರಣ್ಯ ಕಚೇರಿಯಲ್ಲೇ ಕೇಳಿ. ದಿನದ ಕೂಲಿ ಎಷ್ಟು ಅಂತ ಮೊದಲೇ ಮಾತಾಡಿ, ಅವರ ಊಟ-ನೀರನ್ನೂ ನಿಮ್ಮ ಲೆಕ್ಕದಲ್ಲಿ ಸೇರಿಸಿ. ಮೊಬೈಲ್ ನಕ್ಷೆ ನಂಬಿಕೊಂಡು ಹೋಗಬೇಡಿ. ಇದು ತೆಲಂಗಾಣದ ಗಡಿ. ಕೊಳ್ಳಕ್ಕೆ ಇಳಿದ ಮೇಲೆ ಸಿಗ್ನಲ್ ಇರುತ್ತದೆ ಅಂತ ಲೆಕ್ಕ ಹಾಕಲೇಬೇಡಿ.

ಗುಂಪು ಕಟ್ಟುವುದು

ಎಂಟರಿಂದ ಹನ್ನೆರಡು ಜನ ಸರಿ. ಅದಕ್ಕಿಂತ ಜಾಸ್ತಿ ಆದರೆ ಮುಂದಿನವರಿಗೂ ಹಿಂದಿನವರಿಗೂ ಅರ್ಧ ಕಿಲೋಮೀಟರ್ ಅಂತರ ಬೀಳುತ್ತದೆ. ಹೊರಡುವ ಮುಂಚೆ ಒಂದು ಸಂಜೆ ಎಲ್ಲರನ್ನೂ ಕೂಡಿಸಿ ಮಾತಾಡಿ. ಬಿಪಿ, ಶುಗರ್, ಹೃದಯದ ತೊಂದರೆಗೆ ಮಾತ್ರೆ ತೆಗೆದುಕೊಳ್ಳುವವರು ತಮ್ಮ ಡಾಕ್ಟರನ್ನು ಕೇಳಿ ಬರಲಿ. ಕೆಲವು ಬಿಪಿ ಮಾತ್ರೆಗಳು ಮೂತ್ರ ಜಾಸ್ತಿ ಮಾಡುತ್ತವೆ, ಬಿಸಿಲಲ್ಲಿ ಮೈ ಬೇಗ ಒಣಗುತ್ತದೆ. ಹಿಂದಿನ ವಾರ ಜ್ವರ, ವಾಂತಿ-ಭೇದಿ ಆದವರು ಈ ಸಲ ಬರುವುದು ಬೇಡ. ಹಿಂದಿನ ರಾತ್ರಿ ಕುಡಿಯುವವರೂ ಬೇಡ.

ಹೆಣ್ಣುಮಕ್ಕಳು ಗುಂಪಿನಲ್ಲಿದ್ದರೆ ಒಂದು ವಿಷಯ ಬಾಯಿಬಿಟ್ಟು ಮಾತಾಡಲೇಬೇಕು. ಕಾಡಿನಲ್ಲಿ ಮೂತ್ರಕ್ಕೆ ಎಲ್ಲಿ ಹೋಗುವುದು ಅನ್ನುವ ಸಂಕೋಚಕ್ಕೆ ಎಷ್ಟೋ ಜನ ನೀರನ್ನೇ ಕುಡಿಯುವುದಿಲ್ಲ. ಯಾರಿಗೂ ಹೇಳದೆ ಬೆಳಿಗ್ಗೆಯಿಂದ ಒಣಗಿದ ಬಾಯಲ್ಲೇ ನಡೆಯುತ್ತಾರೆ. ಇದು ಬಹಳ ಅಪಾಯ. ಅದಕ್ಕೆ ನಮ್ಮ ಗುಂಪಿನಲ್ಲಿ ಪ್ರತಿ ಒಂದೂವರೆ ಗಂಟೆಗೆ ಒಂದು ನಿಲ್ದಾಣ ಇಡುತ್ತೇವೆ. ಗಂಡಸರು ನೂರು ಹೆಜ್ಜೆ ಮುಂದೆ ಹೋಗಿ ಬೆನ್ನು ಮಾಡಿ ಕೂರುತ್ತಾರೆ. ಒಂದು ಹಳೇ ಸೀರೆ ಅಥವಾ ಚಾದರ ಚೀಲದಲ್ಲಿ ಇರುತ್ತದೆ, ಇಬ್ಬರು ಹಿಡಿದರೆ ಮರೆ ಆಗುತ್ತದೆ. ಇಷ್ಟು ಮಾಡಿದ ಮೇಲೆ ಅಕ್ಕ-ತಂಗಿಯರು ಧೈರ್ಯವಾಗಿ ನೀರು ಕುಡಿಯುತ್ತಾರೆ.

ನಡೆಯುವಾಗ ಮುಂದೆ ದಾರಿ ಬಲ್ಲವರು, ಕಟ್ಟಕಡೆಗೆ ಗುಂಪಿನಲ್ಲೇ ಗಟ್ಟಿಯಾದವರು. ನಿಧಾನ ನಡೆಯುವವರು ಎರಡನೆಯ ಜಾಗದಲ್ಲಿ, ದಾರಿ ತೋರಿಸುವವರ ಹಿಂದೆಯೇ ಇರಲಿ. ಆಗ ಇಡೀ ಗುಂಪು ಅವರ ನಡಿಗೆಗೆ ಹೊಂದಿಕೊಳ್ಳುತ್ತದೆ. ಅವರನ್ನು ಹಿಂದೆ ಬಿಟ್ಟರೆ ಏನಾಗುತ್ತದೆ ಗೊತ್ತಾ? ಮುಂದಿನವರು ಒಂದು ಮರದ ಕೆಳಗೆ ಕೂತು ಹತ್ತು ನಿಮಿಷ ಸುಧಾರಿಸಿಕೊಳ್ಳುತ್ತಾರೆ. ಹಿಂದಿನವರು ಏದುಸಿರು ಬಿಡುತ್ತಾ ಬಂದು ಮುಟ್ಟುವಷ್ಟರಲ್ಲಿ "ನಡೀರಿ ನಡೀರಿ" ಅಂತ ಎದ್ದುಬಿಡುತ್ತಾರೆ. ಅಂದರೆ ಯಾರಿಗೆ ವಿಶ್ರಾಂತಿ ಬೇಕೋ ಅವರಿಗೇ ವಿಶ್ರಾಂತಿ ಇಲ್ಲ. ಕೊನೆಯವರು ಕೂತ ಮೇಲೆ ಗಡಿಯಾರ ನೋಡಿ, ಅಲ್ಲಿಂದ ಹತ್ತು ನಿಮಿಷ ಎಣಿಸಿ. ಹೊರಡುವಾಗಲೆಲ್ಲ ತಲೆ ಎಣಿಸಿ.

ಮೂರು ವಾರದ ತಯಾರಿ

ಕಲಬುರಗಿ ಊರೇ ಸಪಾಟು. ಅಪ್ಪನ ಕೆರೆ ಸುತ್ತ ದಿನಾ ವಾಕಿಂಗ್ ಮಾಡಿದರೆ ಉಸಿರು ಬರುತ್ತದೆ, ಆದರೆ ಏರುವ ತೊಡೆ ಬರುವುದಿಲ್ಲ. ಮನೆಯ ಹತ್ತಿರದ ಮೂರು-ನಾಲ್ಕು ಅಂತಸ್ತಿನ ಕಟ್ಟಡದ ಮೆಟ್ಟಿಲು ಹುಡುಕಿ. ವಾರಕ್ಕೆ ನಾಲ್ಕು ದಿನ ಅರ್ಧ ಗಂಟೆ ಹತ್ತಿ ಇಳಿಯಿರಿ. ಎರಡನೇ ವಾರದಿಂದ ಬೆನ್ನಿಗೆ ಚೀಲ ಹಾಕಿ, ಅದರಲ್ಲಿ ಐದು ಲೀಟರ್ ನೀರು ಇಡಿ. ಒಂದು ಲೀಟರ್ ನೀರು ಒಂದು ಕಿಲೋ. ಐದು ಕಿಲೋ ಹೊತ್ತು ಹತ್ತುವುದು ಹೇಗಿರುತ್ತದೆ ಅನ್ನುವುದು ಕಾಡಿನಲ್ಲಿ ಮೊದಲ ಸಲ ಗೊತ್ತಾಗಬಾರದು.

ಒಂದು ಭಾನುವಾರ ಯಾದಗಿರಿಗೆ ಹೋಗಿ ಕೋಟೆ ಬೆಟ್ಟ ಹತ್ತಿ ಬನ್ನಿ. ವಾಡಿ ಮೇಲೆ ರೈಲಿದೆ. ಊರ ನಡುವೆಯೇ ಎದ್ದು ನಿಂತ ಕಲ್ಲಿನ ಗುಡ್ಡ ಅದು. ಎರಡು ಸಲ ಹತ್ತಿ ಇಳಿಯಿರಿ. ಎರಡನೇ ಸಲ ಯಾರ ಮೊಣಕಾಲು ನಡುಗುತ್ತದೆ, ಯಾರ ಬೂಟು ಕಚ್ಚುತ್ತದೆ, ಯಾರು ಸುಮ್ನೆ ಜಂಬ ಕೊಚ್ಚುತ್ತಿದ್ದರು, ಎಲ್ಲ ಅಲ್ಲೇ ಗೊತ್ತಾಗುತ್ತದೆ. ಅಲ್ಲಿ ಒಂದೇ ಸಲ ಹತ್ತಿ ಸಾಕಾದವರು ಈ ಬೇಸಿಗೆಗೆ ಕೊಳ್ಳಕ್ಕೆ ಇಳಿಯದೆ ಅಂಚಿನಿಂದಲೇ ನೋಡಲಿ. ಅದೂ ಚೆನ್ನಾಗಿಯೇ ಇರುತ್ತದೆ.

ಬಿಸಿಲಿಗೆ ಮೈ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ದಿನವಿಡೀ ಎಸಿ ಕೋಣೆಯಲ್ಲಿ ಕೆಲಸ ಮಾಡುವವರು, ಬೆಂಗಳೂರಿನಿಂದ ರಜೆಗೆ ಬಂದ ಮಕ್ಕಳು ಇದನ್ನು ಗಮನದಲ್ಲಿ ಇಡಬೇಕು. ಊರಿಗೆ ಬಂದ ಮರುದಿನವೇ ಅವರನ್ನು ಕಾಡಿಗೆ ಕರೆದುಕೊಂಡು ಹೋಗಬೇಡಿ. ದಿನಾ ಸಂಜೆ ಒಂದು ಗಂಟೆ ಹೊರಗೆ ನಡೆದಾಡಿಸಿ.

ನೀರಿನ ಲೆಕ್ಕ

ನಮ್ಮ ಮೈ ಬಿಸಿ 37 ಡಿಗ್ರಿ. ಹೊರಗೆ 42 ಇದ್ದಾಗ ಗಾಳಿ ಬೀಸಿದರೂ ಮೈಗೆ ಬಿಸಿ ಸೇರುತ್ತದೆಯೇ ಹೊರತು ಬಿಟ್ಟು ಹೋಗುವುದಿಲ್ಲ. ಆಗ ಉಳಿಯುವ ದಾರಿ ಒಂದೇ, ಬೆವರು ಆರುವುದು. ಏರು ಹತ್ತುವಾಗ ಗಂಟೆಗೆ ಒಂದು ಲೀಟರಿನಷ್ಟು ಬೆವರು ಹೋಗಬಹುದು. ನಮ್ಮ ಕಡೆ ಒಣ ಬಿಸಿಲು ಆದ್ದರಿಂದ ಬೆವರಿದ್ದೇ ಗೊತ್ತಾಗುವುದಿಲ್ಲ. ಅಂಗಿ ಒದ್ದೆ ಆಗುವ ಮೊದಲೇ ಆರಿಹೋಗುತ್ತದೆ. ಬೆನ್ನಿನ ಮೇಲೆ ಬಿಳಿ ಗೆರೆ ಕಂಡಾಗಲೇ ಗೊತ್ತಾಗುವುದು, ಅದು ಉಪ್ಪು.

ಅದಕ್ಕೆ ನಮ್ಮ ಲೆಕ್ಕ ಹೀಗೆ. ಆರು ಗಂಟೆಯ ನಡಿಗೆಗೆ ತಲೆಗೆ ಐದು ಲೀಟರ್, ಒಂದೊಂದು ಲೀಟರಿನ ಐದು ಬಾಟಲಿ. ಎರಡು ಬಾಟಲಿ ಇಳಿಯುವುದಕ್ಕೆ ಮತ್ತು ಕೆಳಗೆ ಕೂರುವುದಕ್ಕೆ. ಎರಡು ಬಾಟಲಿ ಏರುವುದಕ್ಕೆ, ಅದರಲ್ಲಿ ಒಂದಕ್ಕೆ ಒಆರ್‌ಎಸ್ ಪುಡಿ. ಐದನೆಯ ಬಾಟಲಿಯ ಕುತ್ತಿಗೆಗೆ ಕೆಂಪು ದಾರ ಕಟ್ಟಿ ಚೀಲದ ತಳದಲ್ಲಿ ಇಡುತ್ತೇವೆ. ಅದು ಇಟ್ಟುಕೊಂಡವರದ್ದಲ್ಲ, ಗುಂಪಿನದು. ಯಾರಾದರೂ ಬಿಸಿಲಿಗೆ ಬಿದ್ದರೆ ಮೈ ತೋಯಿಸಲು ಹತ್ತು-ಹನ್ನೆರಡು ಲೀಟರ್ ಒಮ್ಮೆಲೇ ಬೇಕಾಗುತ್ತದೆ. ಹನ್ನೆರಡು ಜನರ ಬೆನ್ನಲ್ಲಿ ಆ ನೀರು ತಯಾರಾಗಿ ಇರುತ್ತದೆ. ಮೇಲೆ ಗಾಡಿ ಹತ್ತಿರ ಮುಟ್ಟುವವರೆಗೆ ಕೆಂಪು ದಾರ ಬಿಚ್ಚುವಂತಿಲ್ಲ.

ಕೆಳಗಿನ ಮಡುವಿನ ನೀರನ್ನು ಕುಡಿಯುವ ಲೆಕ್ಕಕ್ಕೆ ಹಿಡಿಯಬೇಡಿ. ಬೇಸಿಗೆಯಲ್ಲಿ ಅದು ನಿಂತ ನೀರು. ದನ, ಕಾಡುಪ್ರಾಣಿ ಎಲ್ಲಕ್ಕೂ ಅದೇ ಆಸರೆ.

ಒಆರ್‌ಎಸ್ ದೊಡ್ಡ ಪೊಟ್ಟಣ ಒಂದು ಲೀಟರಿಗೆ ಇರುವುದು. ಅರ್ಧ ಲೀಟರಿಗೆ ಹಾಕಿ ಗಟ್ಟಿ ಮಾಡಬೇಡಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರಿಗೆ ಆರು ಸಪಾಟು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಬರೀ ನೀರನ್ನೇ ಗಟಗಟ ಕುಡಿಯುತ್ತಾ ಹೋಗುವುದೂ ತಪ್ಪು. ಬೆವರಲ್ಲಿ ಹೋದ ಉಪ್ಪು ವಾಪಸ್ ಬರದಿದ್ದರೆ ತಲೆ ಸುತ್ತು, ವಾಂತಿ ಶುರು ಆಗುತ್ತದೆ. ಬಾಯಾರಿಕೆಗೆ ಕಾಯದೆ ಕಾಲು ಗಂಟೆಗೊಮ್ಮೆ ನಾಲ್ಕೈದು ಗುಟುಕು ಸಾಕು. ಮೂತ್ರದ ಬಣ್ಣ ತಿಳಿ ಹಳದಿ ಇದ್ದರೆ ಚಿಂತೆ ಇಲ್ಲ. ಕಡು ಹಳದಿ ಆದರೆ ಹಿಂದೆ ಬಿದ್ದಿದ್ದೀರಿ ಅಂತ ಅರ್ಥ.

ಬುತ್ತಿ ಮತ್ತು ಬಟ್ಟೆ

ಮೊಸರನ್ನ ಕಟ್ಟಿಕೊಂಡು ಹೋಗಬೇಡಿ, ಈ ಬಿಸಿಲಿಗೆ ಹತ್ತು ಗಂಟೆಗೇ ಹುಳಿ ವಾಸನೆ. ಹುಣಸೆ ಹುಳಿ ಹಾಕಿದ ಅನ್ನ, ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ, ಬೆಲ್ಲ ಸಾಕು. ಖಡಕ್ ರೊಟ್ಟಿ ಒಣ ಆದ್ದರಿಂದ ನೀರು ಕೇಳುತ್ತದೆ. ಅದನ್ನು ಕೊಳ್ಳದಲ್ಲಿ ತಿನ್ನದೆ, ಮೇಲೆ ಬಂದ ಮೇಲೆ ಮಜ್ಜಿಗೆ ಜೊತೆ ತಿನ್ನಿ. ಕೆಳಗೆ ಇರುವಾಗ ಸೌತೆಕಾಯಿ, ಬಾಳೆಹಣ್ಣು, ಬೆಲ್ಲ-ಶೇಂಗಾ ಒಳ್ಳೆಯದು. ಬೆಳಿಗ್ಗೆ ಹೊರಡುವಾಗ ಒಂದು ದೊಡ್ಡ ಲೋಟ ಜೋಳದ ಅಂಬಲಿ ಕುಡಿದರೆ ಮಧ್ಯಾಹ್ನದವರೆಗೆ ಹೊಟ್ಟೆ ತಂಪು. ನಮ್ಮ ರೈತರು ಸುಮ್ನೆ ಅದನ್ನು ಕುಡಿದು ಹೊಲಕ್ಕೆ ಹೋಗುವುದಿಲ್ಲ.

ಬಟ್ಟೆ ಸಡಿಲವಾದ ಹತ್ತಿಯದು, ತೋಳು ತುಂಬ ಇರಲಿ. ತಲೆಗೆ ಟಾವೆಲ್ ಸುತ್ತಿಕೊಳ್ಳಿ, ಕುತ್ತಿಗೆಯ ಹಿಂಭಾಗ ಮುಚ್ಚುವಂತೆ ಒಂದು ತುದಿ ಇಳಿಬಿಡಿ. ಕಾಲಿಗೆ ಹಲ್ಲು ಸವೆಯದ ಬೂಟು. ಇಲ್ಲಿನ ಇಳಿಜಾರಿನ ಮೇಲೆ ಗರಸು ಜೋಳದ ಕಾಳಿನ ಹಾಗೆ ಉರುಳುತ್ತದೆ, ಅದರ ಮೇಲೆ ತೇಗದೆಲೆ ಹಾಸಿರುತ್ತದೆ. ಚಪ್ಪಲಿಯಲ್ಲಿ ಹೋದವರು ಜಾರಿಯೇ ಜಾರುತ್ತಾರೆ. ಒಂದು ಜೊತೆ ಹತ್ತಿಯ ಕೈಗವಸೂ ಇರಲಿ. ಏರುವಾಗ ಬಂಡೆ ಹಿಡಿಯಬೇಕಾಗುತ್ತದೆ. ಹತ್ತು ಗಂಟೆ ದಾಟಿದ ಮೇಲೆ ಆ ಕರಿಕಲ್ಲು ಕಾದ ಹಂಚಿನ ಹಾಗೆ.

ಆ ದಿನ

ಕಲಬುರಗಿಯಿಂದ ಚಿಂಚೋಳಿಗೆ ಎರಡು ಗಂಟೆಯ ದಾರಿ, ಅಲ್ಲಿಂದ ಕಾಡಿಗೆ ಇನ್ನೂ ಸ್ವಲ್ಪ. ರಾತ್ರಿ ಎರಡು ಗಂಟೆಗೆ ಎದ್ದು ಹೊರಟರೆ ನಿದ್ದೆ ಹಾಳು. ನಿದ್ದೆಗೆಟ್ಟ ಮೈ ಬಿಸಿಲು ತಾಳುವುದಿಲ್ಲ, ಡ್ರೈವರ್‌ಗೂ ಕಣ್ಣು ಎಳೆಯುತ್ತದೆ. ಹಿಂದಿನ ಸಂಜೆಯೇ ಚಿಂಚೋಳಿಗೆ ಹೋಗಿ ಉಳಿದುಕೊಳ್ಳಿ. ಒಂಬತ್ತಕ್ಕೆ ಮಲಗಿಬಿಡಿ.

ಅನುಮತಿಯಲ್ಲಿ ಹೇಳಿದ ಹೊತ್ತಿಗೆ ಸರಿಯಾಗಿ, ಬೆಳಕು ಹರಿಯುತ್ತಿದ್ದ ಹಾಗೇ ನಡೆಯಲು ಶುರು ಮಾಡಿ. ಮೇ ತಿಂಗಳಲ್ಲಿ ಆರು ಗಂಟೆಗೆ ಮುಂಚೆಯೇ ಸೂರ್ಯ ಹುಟ್ಟುತ್ತಾನೆ. ಗಾಡಿಯಲ್ಲಿ ಎರಡು ಇಪ್ಪತ್ತು ಲೀಟರಿನ ಕ್ಯಾನ್, ಒಂದು ಡಬ್ಬದಲ್ಲಿ ಮಂಜುಗಡ್ಡೆ ಬಿಟ್ಟು ಹೋಗಿ. ಗಾಡಿ ನೆರಳಲ್ಲಿ ನಿಲ್ಲಿಸಿ, ಡ್ರೈವರ್ ಅಲ್ಲೇ ಇರಲಿ. ಅವರಿಗೆ ಒಂದು ಚೀಟಿ ಬರೆದುಕೊಡಿ: ಎಷ್ಟು ಜನ, ಯಾವ ದಾರಿ, ಎಷ್ಟು ಹೊತ್ತಿಗೆ ಬರದಿದ್ದರೆ ಅರಣ್ಯ ಕಚೇರಿಗೆ ಫೋನ್ ಮಾಡಬೇಕು.

ದಾರಿಯಲ್ಲಿ ನೆರಳು ಹುಡುಕುವುದು ಒಂದು ವಿದ್ಯೆ. ಕಾಡು ಅಂದ ಕೂಡಲೇ ನೆರಳು ಅಂದುಕೊಳ್ಳುತ್ತೇವೆ ಅಲ್ವಾ? ಬೇಸಿಗೆಯಲ್ಲಿ ತೇಗ ಎಲೆ ಉದುರಿಸಿ ಬೋಳಾಗಿ ನಿಂತಿರುತ್ತದೆ. ಇಡೀ ಗುಡ್ಡ ಬರೀ ಕಡ್ಡಿ. ಆದರೆ ಅದೇ ಹೊತ್ತಿಗೆ ಹೊಂಗೆ, ಬೇವು ಹೊಸ ಎಲೆ ಬಿಟ್ಟು ತುಂಬಿಕೊಂಡಿರುತ್ತವೆ. ಹುಣಸೆ, ಆಲ ಇದ್ದರೆ ಇನ್ನೂ ಒಳ್ಳೆಯದು. ಇಳಿಯುವಾಗಲೇ ಅಂಥ ಮರಗಳನ್ನು ಗುರುತು ಹಾಕಿಕೊಳ್ಳಿ, ಒಂದು ಸಣ್ಣ ಚೀಟಿಯಲ್ಲಿ ಹೊತ್ತಿನ ಜೊತೆ ಬರೆಯಿರಿ. ಏರುವಾಗ ನೀವು ನಡೆಯುವುದು ಜಲಪಾತದಿಂದ ಗಾಡಿಗೆ ಅಲ್ಲ, ಒಂದು ಹೊಂಗೆಯಿಂದ ಇನ್ನೊಂದು ಹೊಂಗೆಗೆ.

ಹೊರಡುವ ಮೊದಲೇ ತಿರುಗುವ ಹೊತ್ತು ನಿಗದಿ ಮಾಡಿ. ನಮ್ಮದು ಎಂಟು ಗಂಟೆ. ಜಲಪಾತ ಮುಟ್ಟಿದ್ದರೂ ಸರಿ, ಮುಟ್ಟದಿದ್ದರೂ ಸರಿ, ಎಂಟಕ್ಕೆ ಎಲ್ಲರೂ ಮುಖ ತಿರುಗಿಸಬೇಕು. ಹತ್ತೂವರೆಯೊಳಗೆ ಮೇಲೆ ಇರಬೇಕು. ಇಳಿಯಲು ಒಂದು ಗಂಟೆ ಹಿಡಿದರೆ ಏರಲು ಎರಡು ಗಂಟೆ ಇಟ್ಟುಕೊಳ್ಳಿ. "ಇನ್ನೊಂದು ತಿರುವು ಅಷ್ಟೇ, ನೋಡಿ ಬರೋಣ" ಅನ್ನುವ ಮಾತು ಪ್ರತಿ ಸಲ ಬರುತ್ತದೆ. ಅದಕ್ಕೆ ಒಪ್ಪಬೇಡಿ.

ಕೊಳ್ಳದಲ್ಲಿ

ಮಡು ಕಂಡ ಕೂಡಲೇ ಹಾರಬೇಕು ಅನಿಸುತ್ತದೆ. ಬೇಡ. ನಿಂತ ನೀರಿನಲ್ಲಿ ತಳ ಕಾಣುವುದಿಲ್ಲ, ಒಳಗೆ ಚೂಪು ಬಂಡೆ ಇರುತ್ತದೆ, ಅಂಚಿನಲ್ಲಿ ಪಾಚಿ. ಈಜು ಬಂದವರೂ ಇಂಥ ಕಡೆ ಮುಳುಗಬಹುದು. ಟಾವೆಲ್ ಅದ್ದಿ ತಲೆಗೆ, ಕುತ್ತಿಗೆಗೆ ಹಾಕಿಕೊಳ್ಳಿ, ಮುಖ ತೊಳೆಯಿರಿ. ಅಷ್ಟಕ್ಕೇ ಜೀವ ಬರುತ್ತದೆ. ಸೋಪು, ಶಾಂಪೂ ತರಬೇಡಿ. ಸುತ್ತಮುತ್ತ ಪ್ರಾಣಿಗಳಿಗೆ ಉಳಿದಿರುವ ನೀರೇ ಅದು. ಅರ್ಧ ಗಂಟೆಗಿಂತ ಜಾಸ್ತಿ ಅಲ್ಲಿ ಕೂರಬೇಡಿ.

ಬಂಡೆಯ ಮೇಲ್ಭಾಗ ಒಮ್ಮೆ ತಲೆಯೆತ್ತಿ ನೋಡಿ. ಕಪ್ಪು ಹಲಗೆಯಂತೆ ಜೋತು ಬಿದ್ದಿದ್ದರೆ ಹೆಜ್ಜೇನು. ಅದರ ಕೆಳಗೆ ಕೂರಬೇಡಿ. ಕೂಗಬೇಡಿ, ಕಲ್ಲು ಎಸೆಯಬೇಡಿ, ಸಿಗರೇಟು ಹಚ್ಚಬೇಡಿ, ಸೆಂಟು ಹಾಕಿಕೊಂಡು ಬರಬೇಡಿ. ಕಲ್ಲಿನ ಸಂದಿಗೆ ಕೈ ಹಾಕುವ ಮುಂಚೆ ಕೋಲಿನಿಂದ ತಟ್ಟಿ. ಬಿಸಿಲಿಗೆ ಹಾವೂ ನೆರಳು ಹುಡುಕುತ್ತದೆ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗಾಡದಂತೆ ಇಟ್ಟು, ನಡೆಸದೆ ಹೊತ್ತು ಮೇಲೆ ತನ್ನಿ, ನೇರ ಆಸ್ಪತ್ರೆಗೆ.

ಎಲ್ಲಾದರೂ ಹೊಗೆ ಕಂಡರೆ ನೋಡಲು ಹೋಗಬೇಡಿ. ಬೆಂಕಿ ಇಳಿಜಾರಿನಲ್ಲಿ ಮೇಲ್ಮುಖವಾಗಿ ಬಹಳ ಬೇಗ ಓಡುತ್ತದೆ. ದಾರಿ ತೋರಿಸುವವರು ಹೇಳಿದ ಕಡೆ ತಕ್ಷಣ ಹೊರಡಿ.

ಇನ್ನೊಂದು, ಗುಡುಗು. ರೋಹಿಣಿ ಮಳೆಯ ದಿನಗಳಲ್ಲಿ, ಅದಕ್ಕೂ ಮುಂಚೆ ಅಡ್ಡಮಳೆ ಬೀಳುವಾಗ, ಮಧ್ಯಾಹ್ನದ ಮೇಲೆ ಮೋಡ ಕಟ್ಟುತ್ತದೆ. ನಿಮ್ಮ ತಲೆ ಮೇಲೆ ಬಿಸಿಲು ಇದ್ದರೂ ಮೇಲಿನ ಸಪಾಟಿನಲ್ಲಿ ಎಲ್ಲೋ ಮಳೆ ಸುರಿದರೆ ಆ ನೀರೆಲ್ಲ ಈ ಕೊಳ್ಳಕ್ಕೇ ಬರಬೇಕು. ನೀರು ಕೆಂಪಾಯಿತು, ಎಲೆ-ಕಡ್ಡಿ ತೇಲಿ ಬಂತು ಅಂದರೆ ಚೀಲ ಬಿಟ್ಟಾದರೂ ಸರಿ, ಮೇಲೆ ಹತ್ತಿ. ಸಿಡಿಲಿನ ಹೊತ್ತಿನಲ್ಲಿ ಒಂಟಿ ಮರದ ಕೆಳಗೆ, ಬಯಲ ಅಂಚಿನಲ್ಲಿ ನಿಲ್ಲಬೇಡಿ. ಗಾಡಿ ಹತ್ತಿರ ಇದ್ದರೆ ಒಳಗೆ ಕೂತು ಗಾಜು ಏರಿಸಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಬರಬೇಡಿ.

ಏರುವಾಗ

ಈಗ ಆ ಮೊದಲ ಸಲದ ಕಥೆ. ಅವತ್ತು ನಾವು ಹತ್ತು ಜನ. ಎಂಟಕ್ಕೆ ತಿರುಗಬೇಕಿತ್ತು, ಮಡುವಿನ ಹತ್ತಿರ ಆಟವಾಡುತ್ತಾ ಹತ್ತು ಗಂಟೆ ಮಾಡಿದೆವು. ತಲೆಗೆ ಮೂರು ಲೀಟರ್ ತಂದಿದ್ದೆವು, ಇಳಿಯುವಷ್ಟರಲ್ಲೇ ಎರಡು ಖಾಲಿ. ಕೊಳ್ಳದಲ್ಲಿ ಗಾಳಿ ಇಲ್ಲ. ಎರಡೂ ಕಡೆ ಕಲ್ಲು ಕಾದು ಒಲೆಯ ಬಾಯಲ್ಲಿ ನಿಂತ ಹಾಗೆ ಝಳ.

ಗುಂಪಿನಲ್ಲಿ ಒಬ್ಬ ಹುಡುಗ ಇದ್ದ. ಇಪ್ಪತ್ತೆರಡು ವರ್ಷ, ಎಲ್ಲರಿಗಿಂತ ಗಟ್ಟಿ. ಅರ್ಧ ಏರಿದ ಮೇಲೆ ಬೂಟಿನ ಲೇಸ್ ಕಟ್ಟಲು ಕೂತ. ನಾನು ಪಕ್ಕದಲ್ಲೇ ನಿಂತಿದ್ದೆ. ಲೇಸಿನ ಒಂದು ಎಳೆ ಕುಣಿಕೆ ಮಾಡಿದ, ಇನ್ನೊಂದು ಎಳೆ ಅದರ ಸುತ್ತ ತರಬೇಕು, ಕೈ ಅಲ್ಲೇ ನಿಂತುಬಿಟ್ಟಿತು. ಬಿಚ್ಚಿದ. ಮತ್ತೆ ಕುಣಿಕೆ ಮಾಡಿದ. ಮತ್ತೆ ಅಲ್ಲೇ ನಿಂತ. ಮೂರನೇ ಸಲ ಲೇಸನ್ನೇ ನೋಡುತ್ತಾ ಕೂತ. "ಏನಾಯ್ತೋ ತಮ್ಮಾ?" ಅಂದೆ. "ಮನಿಗಿ ಹೋಗಮು" ಅಂದ, ಸಣ್ಣ ಮಗುವಿನ ಧ್ವನಿಯಲ್ಲಿ. ಮುಖ ಕೆಂಪಾಗಿತ್ತು, ಮುಟ್ಟಿದರೆ ಸುಡುತ್ತಿತ್ತು.

ತಾಂಡಾದ ಹಿರಿಯರು ಒಂದು ಮಾತೂ ಆಡದೆ ಅವನನ್ನು ಎತ್ತಿ ಹೊಂಗೆಯ ಕೆಳಗೆ ಮಲಗಿಸಿದರು. ಬೂಟು, ಅಂಗಿ ತೆಗೆಸಿದರು. ಎಲ್ಲರ ಬಾಟಲಿ ಕಸಿದು, ತಮ್ಮ ಧೋತರದ ತುದಿ ತೋಯಿಸಿ ಎದೆ, ಕಂಕುಳು, ತೊಡೆಸಂದಿಗೆ ಹಾಕಿದರು. ಇಬ್ಬರಿಗೆ ಟಾವೆಲ್‌ನಿಂದ ಗಾಳಿ ಬೀಸಲು ಹೇಳಿದರು. ಮುಕ್ಕಾಲು ಗಂಟೆಯ ಮೇಲೆ ಅವನು ತಾನಾಗಿ ಎದ್ದು ಕೂತು ನೀರು ಕೇಳಿದ. ನಮ್ಮ ಹತ್ತಿರ ಆಗ ಉಳಿದದ್ದು ಅರ್ಧ ಬಾಟಲಿ. ಕೆಂಪು ದಾರ ಕಟ್ಟುವುದು ಶುರುವಾದದ್ದು ಅದರ ನಂತರ.

ಅವತ್ತು ಕಲಿತದ್ದನ್ನು ನೀವು ಮೊದಲೇ ತಿಳಿದುಕೊಂಡು ಹೋಗಿ. ತಲೆನೋವು, ವಾಕರಿಕೆ, ಕಾಲು ಸೆಳೆತ, ಜಾಸ್ತಿ ಬೆವರು, ಸುಸ್ತು, ಇದು ಮೊದಲ ಮೆಟ್ಟಿಲು. ನೆರಳಲ್ಲಿ ಕೂರಿಸಿ, ಒಆರ್‌ಎಸ್ ಕೊಡಿ, ಅರ್ಧ ಗಂಟೆ ಬಿಡಿ. ಆದರೆ ಮಾತು ತಡವರಿಸಿದರೆ, ಹೆಸರು ಕೇಳಿದರೆ ಉತ್ತರ ತಪ್ಪಿದರೆ, ಹೆಜ್ಜೆ ಅಡ್ಡಾದಿಡ್ಡಿ ಬಿದ್ದರೆ, ಕಾರಣ ಇಲ್ಲದೆ ಸಿಟ್ಟು ಮಾಡಿದರೆ, ಅದು ಬಿಸಿಲು ಮಿದುಳಿಗೆ ಮುಟ್ಟಿದ ಗುರುತು. ಮೈ 40 ಡಿಗ್ರಿ ದಾಟಿರಬಹುದು. ಬೆವರು ಬರುತ್ತಿದೆ ಅಂತ ಸಮಾಧಾನ ಮಾಡಿಕೊಳ್ಳಬೇಡಿ, ಬೆವರುತ್ತಲೇ ಹೀಗಾಗುವವರೂ ಇದ್ದಾರೆ. ಮೊದಲು ತಂಪು ಮಾಡಿ, ಆಮೇಲೆ ಸಾಗಿಸಿ. ಕೆಂಪು ದಾರದ ಬಾಟಲಿಗಳನ್ನೆಲ್ಲ ಬಿಚ್ಚಿ, ಮೈ ತೋಯಿಸಿ, ಬೀಸಿ. ಸರಿಯಾಗಿ ನುಂಗಲು ಆಗದವರ ಬಾಯಿಗೆ ನೀರು ಹಾಕಬೇಡಿ. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ. ಇಬ್ಬರು ಗಟ್ಟಿಗರು ಸಿಗ್ನಲ್ ಸಿಗುವ ಕಡೆ ಏರಿ 108ಕ್ಕೆ ಫೋನ್ ಮಾಡಲಿ. ಹತ್ತಿರದ ಊರಿನ ಹೆಸರು, ರಸ್ತೆ, ಗುರುತಿನ ಜಾಗ ಬಾಯಿಪಾಠ ಇರಲಿ. ಎಚ್ಚರ ಬಂದು ಆರಾಮ ಅನಿಸಿದರೂ ಆಸ್ಪತ್ರೆಗೆ ತೋರಿಸಲೇಬೇಕು. ನಾವು ಅವತ್ತು ಆ ಹುಡುಗನನ್ನು ಸಂಜೆವರೆಗೆ ಸಲೈನ್ ಹಾಕಿಸಿಯೇ ಊರಿಗೆ ಕರೆತಂದೆವು.

ಅಲ್ಲಿಂದ ಈಚೆಗೆ ಏರುವಾಗ ನಮ್ಮ ಒಂದು ಪದ್ಧತಿ ಇದೆ. ಇಪ್ಪತ್ತು ನಿಮಿಷ ನಡಿಗೆ, ಹತ್ತು ನಿಮಿಷ ನೆರಳು. ಪ್ರತಿ ನೆರಳಿನಲ್ಲೂ ಪಕ್ಕದವರನ್ನು ಮಾತಾಡಿಸಬೇಕು. ಇಬ್ಬಿಬ್ಬರ ಜೋಡಿ ಮೊದಲೇ ಆಗಿರುತ್ತದೆ. "ಆರಾಮಾ?" ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಅದಕ್ಕೆ ನೂರರಿಂದ ಏಳೇಳು ಕಳೆಯುತ್ತಾ ಹೇಳು ಅನ್ನುತ್ತೇವೆ, ಇಲ್ಲವೇ ಲೇಸ್ ಬಿಚ್ಚಿ ಕಟ್ಟು ಅನ್ನುತ್ತೇವೆ. ಏರುವಾಗ ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಆಗದಿದ್ದರೆ ವೇಗ ಜಾಸ್ತಿ ಆಯಿತು.

ಮೇಲೆ ಬಂದ ಮೇಲೆ

ಕಾದು ನಿಂತ ಗಾಡಿಯೊಳಗೆ ಕೂಡಲೇ ಹೋಗಿ ಕೂರಬೇಡಿ. ನಾಲ್ಕೂ ಬಾಗಿಲು ತೆಗೆದು ಹತ್ತು ನಿಮಿಷ ಬಿಡಿ. ಮರದ ಕೆಳಗೆ ಚಾದರ ಹಾಸಿ, ಮಜ್ಜಿಗೆ, ರೊಟ್ಟಿ ತೆಗೆಯಿರಿ. ಮಂಜುಗಡ್ಡೆ ಟಾವೆಲ್‌ನಲ್ಲಿ ಸುತ್ತಿ ಒಬ್ಬರ ಕುತ್ತಿಗೆಯಿಂದ ಇನ್ನೊಬ್ಬರ ಕುತ್ತಿಗೆಗೆ ಹೋಗಲಿ. ಕೆಂಪು ದಾರದ ಬಾಟಲಿ ತೆಗೆಯುವುದು ಈಗ. ಉಳಿದ ನೀರನ್ನು ಚೆಲ್ಲಬೇಡಿ, ದಾರಿ ತೋರಿಸಿದವರು ಮನೆಗೆ ಒಯ್ಯಬಹುದು. ಬೇಸಿಗೆಯಲ್ಲಿ ತಾಂಡಾಗಳಲ್ಲಿ ಒಂದು ಕೊಡ ನೀರಿಗೂ ದೂರ ನಡೆಯುತ್ತಾರೆ.

ಪ್ಲಾಸ್ಟಿಕ್ ಬಾಟಲಿ, ಒಆರ್‌ಎಸ್ ಪೊಟ್ಟಣ ಎಲ್ಲ ಎಣಿಸಿ ಚೀಲಕ್ಕೆ ಹಾಕಿ. ಒಯ್ದದ್ದಷ್ಟೂ ವಾಪಸ್ ಬಂದಿರಬೇಕು.

ಊಟ ಆದ ಮೇಲೆ ಡ್ರೈವರ್ ಹತ್ತಿರ ಇರುವ ಚೀಟಿ ವಾಪಸ್ ತೆಗೆದುಕೊಳ್ಳಿ. ಕೊನೆಯ ಸಲ ತಲೆ ಎಣಿಸಿ. ಆಮೇಲೆ ಸಿಗ್ನಲ್ ಸಿಗುವ ಕಡೆ ನಿಂತು ಅರಣ್ಯ ಕಚೇರಿಗೆ ಫೋನ್ ಮಾಡಿ, ಹನ್ನೆರಡೂ ಜನ ಮೇಲೆ ಬಂದೆವು ಅಂತ ಹೇಳಿ.